ಹಳೆಯ ಕಾರಿನ ಡಿಕ್ಕಿಗೆ ಹೊಸ ರಬ್ಬರು

ಪತ್ತನಾಜೆ ಕಳೆದು ಮುಂಗಾರು ಕಾಲಿಡುವ ಹೊತ್ತಿಗೆ ನಮ್ಮ ಗಡಿನಾಡಿನ ಕೃಷಿಕನಿಗೆ ಬಿಡುವೆಂಬುದಿಲ್ಲ. ಮಾಡಿನ ಒಡೆದ ಹೆಂಚು ಬದಲಿಸಬೇಕು, ಸೌದೆ ಒಳಗಿಡಬೇಕು, ತೋಟದ ಕಣಿ ಬಿಡಿಸಬೇಕು, ಅಡಿಕೆಗೆ ಮದ್ದು ಬಿಡಲು ಮೈಲುತುತ್ತು ತಂದಿಡಬೇಕು, ರಬ್ಬರು ಮರಗಳಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಬೇಕು. ಈ ಕೆಲಸಗಳ ಸಾಲಿಗೆ ಇನ್ನೊಂದನ್ನು ಸೇರಿಸಿಕೊಳ್ಳಿರೆಂದು ಹೇಳುವುದಕ್ಕಾಗಿ ಈ ಲೇಖನ. ಅದು ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಡಿಕ್ಕಿಯ ರಬ್ಬರು.

ಕೃಷಿಪುಟದಲ್ಲಿ ಕಾರಿನ ಮಾತೇಕೆಂದು ಕೆಲವರು ಕೇಳಿಯಾರು. ಹಳೆಯ ಅಂಬಾಸಿಡರು ನಮ್ಮ ಹಳ್ಳಿಗಳಲ್ಲಿ ಎಂದೂ ಬರಿಯ ಸವಾರಿಯ ಗಾಡಿಯಾಗಿರಲಿಲ್ಲ. ಅದೇ ಆಸ್ಪತ್ರೆಗೆ ಹೋಗುವ ಗಾಡಿ, ಅದೇ ಮದುವೆಯ ದಿಬ್ಬಣದ ಗಾಡಿ, ಅದೇ ಅಡಿಕೆಯ ಗೋಣಿಯನ್ನು ಪೇಟೆಗೂ ಗೊಬ್ಬರದ ಚೀಲವನ್ನು ಮನೆಗೂ ಮುಟ್ಟಿಸುವ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸಿನವರು ೧೯೫೦ರ ದಶಕದ ಕೊನೆಯಿಂದ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ ೨೦೧೪ರ ಮೇ ತಿಂಗಳಲ್ಲಿ ನಿಂತಿತು. ಫಿಯೆಟ್ ಮಾದರಿಯ ಪ್ರೀಮಿಯರ್ ಪದ್ಮಿನಿಯು ಅದಕ್ಕಿಂತಲೂ ಮೊದಲೇ ನಿಂತುಹೋಗಿತ್ತು. ಈಗ ಇವುಗಳನ್ನು ಹೊರಗೆಳೆದು, ತುಕ್ಕು ಕೆರೆಸಿ, ಬಣ್ಣ ಬಳಿಸಿ ಮತ್ತೆ ಓಡಿಸುವ ಹವ್ಯಾಸವು ತರುಣರಲ್ಲಿ ಬೆಳೆದಿದೆ. ಅಜ್ಜನ ಕಾರನ್ನು ಉಳಿಸಿಕೊಳ್ಳುವುದು ಒಳ್ಳೆಯ ಕೆಲಸವೇ. ಆದರೆ ಬಣ್ಣಕ್ಕೂ ಸೀಟಿನ ಬಟ್ಟೆಗೂ ಸಾವಿರಗಟ್ಟಲೆ ಸುರಿಯುವವರು ಡಿಕ್ಕಿಯ ಸುತ್ತಲಿನ ರಬ್ಬರು ಪಟ್ಟಿಯನ್ನು, ಪೇಟೆಯ ಮಾತಿನಲ್ಲಿ ಹೇಳುವುದಾದರೆ ಬೀಡಿಂಗನ್ನು, ಕೊನೆಯ ದಿನ ಕೈಗೆ ಸಿಕ್ಕಿದ್ದನ್ನು ತಂದು ಅಂಟಿಸಿಬಿಡುತ್ತಾರೆ. ಒಂದೇ ಮಳೆಗಾಲದಲ್ಲಿ ಹೊಸ ಬಣ್ಣದಡಿಯಿಂದ ತುಕ್ಕು ಮೇಲೇಳುವುದು ಬಹುಮಟ್ಟಿಗೆ ಇದರಿಂದಲೇ.

ಈ ಪಟ್ಟಿಯನ್ನು ಅಂದದಿಂದಲೂ ಆರಿಸಬಾರದು, ಕ್ರಯದಿಂದಲೂ ಆರಿಸಬಾರದು. ಅಳತೆಯಿಂದ ಮತ್ತು ಜಾತಿಯಿಂದ ಆರಿಸಬೇಕು. ಹೇಗೆಂಬುದನ್ನು ಮುಂದೆ ವಿವರಿಸುತ್ತೇವೆ.

ಈ ಪಟ್ಟಿಯ ಕೆಲಸವೇನು?

ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸರಿಸುಮಾರು ೩,೫೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಡಿಕ್ಕಿಯ ಮುಚ್ಚಳದ ಸುತ್ತ ಒಂದು ನೂಲೆಳೆಯಷ್ಟು ಸಂದು ಇದ್ದರೂ ದಿನಕ್ಕೊಂದು ಚೊಂಬು ನೀರು ಒಳಸೇರಬಲ್ಲದು. ಒಳಗೆ ಹೋದ ನೀರು ಕಾಣುವ ಜಾಗದಲ್ಲಿ ನಿಲ್ಲುವುದಿಲ್ಲ. ಚಾಪೆಯಡಿಗೆ, ಸ್ಟೆಪ್ನಿ ಚಕ್ರದಡಿಗೆ, ತಗಡಿನ ಮೂಲೆಗಳಿಗೆ ಹೋಗಿ ಕೂರುತ್ತದೆ. ಬೇಸಗೆಯಲ್ಲಿ ಚಾಪೆ ಎತ್ತಿ ನೋಡುವಾಗ ಕೆಳಗೆ ನೆಲ ಕಾಣುತ್ತದೆ, ತಗಡು ಕಾಣುವುದಿಲ್ಲ!

ಕೃಷಿಕರ ಗಾಡಿಗೆ ಇದಕ್ಕಿಂತ ಹೆಚ್ಚಿನ ಅಪಾಯವೊಂದಿದೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದ್ದಿ ನೋಡುವವರು ನಾವು. ಕತ್ತಿಗೆ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಅಲ್ಲಿ ನಡೆಯುವುದು ಇಷ್ಟೆ: ಕಬ್ಬಿಣವು ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರವು ಬಂದು ಅದರ ಜಾಗದಲ್ಲಿ ಕೂರುತ್ತದೆ. ಈಗ ಯೋಚಿಸಿರಿ. ಮೈಲುತುತ್ತಿನ ಚೀಲದಿಂದ ನಾಲ್ಕು ಹರಳು ಡಿಕ್ಕಿಯಲ್ಲಿ ಉದುರಿದುವು, ಮೇಲಿನಿಂದ ಮಳೆನೀರು ಸೋರಿತು. ಆಗ ಡಿಕ್ಕಿಯೇ ಕಬ್ಬಿಣದ ಪಾತ್ರೆಯಾಯಿತಲ್ಲವೇ? ಪೊಟ್ಯಾಷು ಗೊಬ್ಬರವೂ ಉಪ್ಪಿನ ಜಾತಿಯದೇ. ತೇವ ಸಿಕ್ಕಿದರೆ ಅದೂ ತಗಡನ್ನು ತಿನ್ನುತ್ತದೆ. ಇನ್ನು ಒಣಗಿಸಿದ ಅಡಿಕೆಗೆ ತೇವ ತಾಗಿದರೆ ಬೂಸಲು ಬರುವುದೂ, ಪೇಟೆಯಲ್ಲಿ ದರ ಇಳಿಯುವುದೂ ಎಲ್ಲರೂ ಬಲ್ಲ ಸಂಗತಿ.

ಪಟ್ಟಿಗೆ ಮತ್ತೊಂದು ಕೆಲಸವೂ ಉಂಟು. ಇದು ಜೀವದ ಪ್ರಶ್ನೆ. ಗಾಡಿ ಮುಂದಕ್ಕೆ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಕೊಳವೆಯಿಂದ ಹೊರಬಿದ್ದ ಹೊಗೆಯು ಅಲ್ಲಿಯೇ ಸುಳಿಯುತ್ತದೆ. ಡಿಕ್ಕಿಯಲ್ಲಿ ಸಂದು ಇದ್ದರೆ ಆ ಹೊಗೆಯು ಒಳನುಗ್ಗಿ, ಹಿಂದಿನ ಸೀಟಿನ ಬೆನ್ನ ಮೂಲಕ ಜನ ಕುಳಿತಲ್ಲಿಗೆ ಬರುತ್ತದೆ. ಹೊಗೆ ಶುದ್ಧಿ ಮಾಡುವ ಸಾಧನವಿಲ್ಲದ ಹಳೆಯ ಪೆಟ್ರೋಲು ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಗಾಜು ಏರಿಸಿ ದೂರದ ಪ್ರಯಾಣ ಮಾಡುವಾಗ ಹಿಂದೆ ಕುಳಿತ ಮಕ್ಕಳಿಗೂ ಮುದುಕರಿಗೂ ತಲೆನೋವು, ಓಕರಿಕೆ, ಜೋಂಪು ಬಂದರೆ ಅದನ್ನು ತಿರುವು ರಸ್ತೆಯ ಮೇಲೆ ಹಾಕಿ ಸುಮ್ಮನಾಗಬೇಡಿರಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಹೊರಗಿನ ಗಾಳಿಗೆ ಇಳಿಸಿರಿ. ತಲೆನೋವು ಬಿಡದಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿರಿ. ಬಾಳೆಗೊನೆ ತುಂಬಿ ಡಿಕ್ಕಿಯನ್ನು ಅರ್ಧ ತೆರೆದು ಹಗ್ಗ ಕಟ್ಟಿಕೊಂಡು ಹೋಗುವ ರೂಢಿಯು ಇದೇ ಕಾರಣದಿಂದ ಕೆಟ್ಟದು.

ಹಳೆಯ ರಬ್ಬರು ಸಾಯುವುದೇಕೆ?

ನಮ್ಮಲ್ಲಿ ರಬ್ಬರು ಬೆಳೆಯುವವರು ಅನೇಕರು. ನಾವು ಬೆಳೆದ ರಬ್ಬರೇ ಇದಕ್ಕೆ ಆಗದೇ ಎಂದು ಅವರು ಕೇಳುವುದು ನ್ಯಾಯವೇ. ಇದಕ್ಕೆ ಉತ್ತರ ತಿಳಿದರೆ ಪಟ್ಟಿಯ ಜಾತಿಯನ್ನು ಆರಿಸುವುದು ಸುಲಭ.

ಮರದ ಹಾಲಿನಿಂದ ಬರುವ ರಬ್ಬರಿನ ಕಣಗಳು ಉದ್ದನೆಯ ಸರಪಳಿಗಳಂತಿವೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ೧೮೩೯ರಲ್ಲಿ ಗಂಧಕ ಬೆರೆಸಿ ಕಾಸಿದರೆ ಈ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು, ಬಿಸಿಲಿಗೆ ಅಂಟಾಗದೆ ಚಳಿಗೆ ಸೆಟೆಯದೆ ಉಳಿಯುವುದನ್ನು ಕಂಡುಕೊಂಡನು. ಅಂದಿನಿಂದ ರಬ್ಬರು ಲೋಕೋಪಯೋಗಿಯಾಯಿತು. ಆದರೆ ಆ ಸರಪಳಿಯ ಬೆನ್ನಿನಲ್ಲಿಯೇ ಸಾಲಾಗಿ ದುರ್ಬಲವಾದ ಗಂಟುಗಳಿವೆ. ರಸಾಯನಶಾಸ್ತ್ರಜ್ಞರು ಇವನ್ನು ಜೋಡಿಬಂಧಗಳೆನ್ನುತ್ತಾರೆ. ಗಾಳಿಯಲ್ಲಿರುವ ಓಝೋನ್ ಎಂಬ ಅನಿಲವು ಬಹು ಸ್ವಲ್ಪವಾದರೂ ಈ ಗಂಟುಗಳನ್ನೇ ಹುಡುಕಿ ಕಡಿಯುತ್ತದೆ. ರಬ್ಬರು ಎಳೆದ ಸ್ಥಿತಿಯಲ್ಲಿದ್ದರಂತೂ ಕಡಿತವು ಬೇಗ; ಎಳೆತಕ್ಕೆ ಅಡ್ಡಲಾಗಿ ಸಣ್ಣ ಬಿರುಕುಗಳು ಮೂಡುತ್ತವೆ. ಹಳೆಯ ಕಾರಿನ ರಬ್ಬರನ್ನು ಬಗ್ಗಿಸಿದಾಗ ಬೇಸಗೆಯ ಗದ್ದೆಯಂತೆ ಬಿರಿದು ಕಾಣುವುದು ಇದರಿಂದ. ಬಿಸಿಲು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಇದರಿಂದ ನಮ್ಮ ಮರದ ಹಾಲು ಕೀಳೆಂದು ತಿಳಿಯಬಾರದು. ಹರಿಯದೆ ತಾಳುವ ಶಕ್ತಿಯಲ್ಲಿ, ಒತ್ತಿದರೆ ಪುಟಿದೇಳುವ ಗುಣದಲ್ಲಿ ಅದನ್ನು ಮೀರಿಸುವ ಕೃತಕ ರಬ್ಬರು ವಿರಳ. ಲಾರಿಯ ಚಕ್ರಕ್ಕೆ, ವಿಮಾನದ ಚಕ್ರಕ್ಕೆ, ಎಂಜಿನ್ ಕೂರಿಸುವ ರಬ್ಬರು ದಿಂಬಿಗೆ ಇಂದಿಗೂ ಅದೇ ಬೇಕು. ಆದರೆ ವರ್ಷವಿಡೀ ಬಿಸಿಲು ಮಳೆ ಗಾಳಿಗೆ ಮೈಯೊಡ್ಡಿ ಸುಮ್ಮನೆ ಒತ್ತಿಸಿಕೊಂಡಿರುವ ಕೆಲಸವು ಅದರದ್ದಲ್ಲ. ಉಳುವ ಎತ್ತನ್ನು ಕಾವಲಿಗೆ ಕಟ್ಟುವವರುಂಟೇ?

ಈ ಕಾವಲಿನ ಕೆಲಸಕ್ಕೆ ಹೇಳಿಸಿದ ಜಾತಿಯೇ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ಎಥಿಲೀನ್, ಪ್ರೊಪಿಲೀನ್ ಎಂಬ ಅನಿಲಗಳಿಂದ ಇದನ್ನು ತಯಾರಿಸುತ್ತಾರೆ. ಇದರ ಸರಪಳಿಯ ಬೆನ್ನಿನಲ್ಲಿ ಆ ದುರ್ಬಲ ಗಂಟುಗಳಿಲ್ಲ. ಹೆಣೆಯಲು ಬೇಕಾದ ಕೆಲವು ಗಂಟುಗಳು ಪಕ್ಕದ ಕವಲುಗಳಲ್ಲಿ ಮಾತ್ರ ಇವೆ. ಓಝೋನು ಅಲ್ಲಿ ಕಡಿದರೂ ಸರಪಳಿ ತುಂಡಾಗುವುದಿಲ್ಲ. ಇಂದಿನ ಹೊಸ ಕಾರುಗಳ ಬಾಗಿಲಿಗೂ ಡಿಕ್ಕಿಗೂ ಬಳಸುವುದು ಹೆಚ್ಚಾಗಿ ಇದನ್ನೇ. ಇದರ ಒಂದೇ ದೊಡ್ಡ ದೋಷವೆಂದರೆ ಎಣ್ಣೆಗೆ ಹೆದರುವುದು. ಪೆಟ್ರೋಲು, ಚಿಮಿಣಿ ಎಣ್ಣೆ, ಗ್ರೀಸು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ಮೊದಲು ಸೋರುವ ಜಾಗ ಹುಡುಕಿರಿ

ಡಿಕ್ಕಿಯಲ್ಲಿ ನೀರು ಕಂಡೊಡನೆ ರಬ್ಬರಿಗೆ ಹಣ ಕೊಡಬೇಡಿರಿ. ಮನೆಯ ಮಾಡು ಸೋರುವಾಗ ನೀರು ಬೀಳುವ ಜಾಗವೇ ಬೇರೆ, ಹೆಂಚು ಒಡೆದ ಜಾಗವೇ ಬೇರೆ ಆಗಿರುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಹಿಂದಿನ ದೊಡ್ಡ ಗಾಜಿನ ರಬ್ಬರು ಬಿರಿದಿದ್ದರೆ ನೀರು ಒಳಮೈಯಲ್ಲಿ ಜಾರಿ ಡಿಕ್ಕಿಗೆ ಬರುತ್ತದೆ. ಹಿಂದಿನ ದೀಪಗಳ ಅಡಿಯ ರಬ್ಬರು, ನಂಬರು ಪ್ಲೇಟಿನ ದೀಪದ ತಂತಿ ಹೋಗುವ ತೂತು, ಮುಚ್ಚಳದ ಬಿಜಾಗರಿಯ ಬೋಲ್ಟುಗಳು, ತಗಡುಗಳ ಜೋಡಣೆಯ ಗೆರೆ, ಚಕ್ರದ ಮೇಲಿನ ತಗಡಿನ ತುಕ್ಕಿನ ತೂತುಗಳು, ಇವೆಲ್ಲ ಕಳ್ಳದಾರಿಗಳೇ.

ಪರೀಕ್ಷೆಗೆ ಸುಲಭದ ಉಪಾಯವಿದೆ. ಡಿಕ್ಕಿಯನ್ನು ಬರಿದು ಮಾಡಿ, ಒರೆಸಿ ಒಣಗಿಸಿ, ನೆಲಕ್ಕೂ ಬದಿಗಳಿಗೂ ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿರಿ. ಮುಚ್ಚಳ ಹಾಕಿ, ತೋಟದ ಪೈಪಿನಿಂದ ಮೊದಲು ಕೆಳಗೆ, ಅನಂತರ ಬದಿಗಳಿಗೆ, ಕೊನೆಗೆ ಗಾಜಿನ ಸುತ್ತ, ಹೀಗೆ ಒಂದೊಂದೇ ಜಾಗಕ್ಕೆ ಐದೈದು ನಿಮಿಷ ನೀರು ಬಿಡಿರಿ. ಒಂದೊಂದು ಸಲವೂ ಮೇಲೆ ನಿಂತ ನೀರನ್ನು ಒರೆಸಿ, ಮುಚ್ಚಳ ತೆರೆದು, ಯಾವ ಹಾಳೆ ಒದ್ದೆಯಾಯಿತೆಂದು ನೋಡಿರಿ. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗುವುದು ಮುಖ್ಯ. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯದು. ಒಳಗಿನಿಂದ ನೋಡಬೇಕಾದರೆ ಹಿಂದಿನ ಸೀಟಿನ ಬೆನ್ನನ್ನು ಕಳಚಿ ಟಾರ್ಚು ಬಿಟ್ಟು ನೋಡಬಹುದು. ಸೋರುವಿಕೆ ನೋಡುವುದಕ್ಕೆಂದು ಮನೆಯ ಹುಡುಗರನ್ನು ಡಿಕ್ಕಿಯೊಳಗೆ ಕೂರಿಸಿ ಮುಚ್ಚುವುದನ್ನು ಮಾತ್ರ ಎಂದೆಂದಿಗೂ ಮಾಡಕೂಡದು.

ಬೇರೆ ತೂತುಗಳನ್ನು ಮುಚ್ಚಿದ ಮೇಲೂ ಅಂಚಿನಿಂದಲೇ ನೀರು ಬರುವುದಾದರೆ ಆಗ ರಬ್ಬರಿನ ಸರದಿ.

ಆಕಾರಕ್ಕೆ ಹಳೆಯ ತುಂಡು, ಎತ್ತರಕ್ಕೆ ಹಿಟ್ಟಿನ ಉಂಡೆ

ಹಳೆಯ ರಬ್ಬರನ್ನು ಕಿತ್ತು ಬಿಸಾಡುವುದು ಸಾಮಾನ್ಯವಾದ ಅವಸರದ ಕೆಲಸ. ಹಾಗೆ ಮಾಡದೆ, ಬಿಜಾಗರಿಯ ಬದಿಯಲ್ಲಿ ಅಥವಾ ಹೆಚ್ಚು ಒತ್ತು ಬೀಳದ ಕಡೆಯಲ್ಲಿ ಮೂರು ಇಂಚಿನ ತುಂಡೊಂದನ್ನು ಹೊಸ ಬ್ಲೇಡಿನಿಂದ ನೇರವಾಗಿ ಕೊಯ್ದು ತೆಗೆದಿಡಿರಿ. ಕೊಯ್ದ ಮುಖವನ್ನು ನೋಡಿದರೆ ಅದರ ಜಾತಕ ತಿಳಿಯುತ್ತದೆ. ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿ ಅರ್ಧಚಂದ್ರದಂತಿದೆಯೇ? ಒಳಗೆ ಟೊಳ್ಳೋ, ಸ್ಪಂಜೋ? ಬುಡದಲ್ಲಿ ತಗಡಿನ ಅಂಚನ್ನು ಕಚ್ಚಿಕೊಳ್ಳುವ ಬಾಯಿ ಇದೆಯೇ, ಅಥವಾ ಬರಿಯ ಅಂಟೇ?

ಒಂದೇ ಹೆಸರಿನ ಗಾಡಿಯಾದರೂ ವರ್ಷದಿಂದ ವರ್ಷಕ್ಕೆ ತಗಡಿನಲ್ಲಿ ವ್ಯತ್ಯಾಸವಿರುತ್ತದೆ. ಮೊದಲೊಮ್ಮೆ ಟಿಂಕರಿಂಗ್ ಆದ ಗಾಡಿಯಲ್ಲಂತೂ ಅಂಚೇ ಬದಲಾಗಿರುತ್ತದೆ. ಆದುದರಿಂದ “ಎಲ್ಲಾ ಅಂಬಾಸಿಡರಿಗೂ ಇದೇ ಆಗ್ತದೆ, ಭಟ್ರೇ” ಎಂದು ಅಂಗಡಿಯವರು ಹೇಳಿದರೆ, “ಆಗಬಹುದು ಮಾರಾಯರೇ, ತುಂಡು ಇಟ್ಟು ನೋಡುವಾ” ಎಂದು ಹೇಳುವ ಸಮಾಧಾನವಿರಲಿ.

ಹಳೆಯ ತುಂಡಿನಿಂದ ಆಕಾರ ತಿಳಿದೀತು, ಎತ್ತರ ತಿಳಿಯದು. ಅದು ವರುಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿರುತ್ತದೆ. ಅದರ ಎತ್ತರವನ್ನೇ ಅಳೆದು ಹೊಸದನ್ನು ತಂದರೆ ಹೊಸದೂ ಮೊದಲ ದಿನವೇ ಸೋರುತ್ತದೆ. ಎತ್ತರಕ್ಕೆ ಅಡಿಗೆಮನೆಯ ನೆರವು ಬೇಕು.

ಚಪಾತಿ ಹಿಟ್ಟನ್ನು ತುಸು ಗಟ್ಟಿಯಾಗಿ ಕಲಸಿ ನೆಲ್ಲಿಕಾಯಿ ಗಾತ್ರದ ಹತ್ತು ಉಂಡೆಗಳನ್ನು ಮಾಡಿರಿ. ರಬ್ಬರು ಕೂರುವ ಅಂಚನ್ನು ಶುಚಿ ಮಾಡಿ, ಮೇಲೆ ಎರಡು, ಬದಿಗಳಲ್ಲಿ ಎರಡೆರಡು, ಕೆಳಗೆ ಎರಡು, ತಿರುವುಗಳಲ್ಲಿ ಉಳಿದೆರಡನ್ನು ಇಟ್ಟು, ಪ್ರತಿಯೊಂದರ ಮೇಲೂ ತೆಳುವಾದ ಪ್ಲಾಸ್ಟಿಕ್ ಚೂರೊಂದನ್ನು ಹಾಕಿರಿ. ಮುಚ್ಚಳವನ್ನು ಲಾಕು ಕಚ್ಚುವ ತನಕ ಒತ್ತಿ ಮುಚ್ಚಿ, ಅದು ಸುತ್ತಲಿನ ತಗಡಿನೊಂದಿಗೆ ಸಮತಟ್ಟಾಗಿ ಕೂತಿದೆಯೆಂದು ನೋಡಿಕೊಳ್ಳಿರಿ. ತೆರೆದು, ಪ್ರತಿ ಉಂಡೆಗೂ ಗುಂಡುಸೂಜಿ ಚುಚ್ಚಿ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿರಿ. ಇದೇ ನಿಮ್ಮ ಗಾಡಿಯ ನಿಜವಾದ ಅಂತರ.

ಪಟ್ಟಿಯು ಈ ಅಂತರಕ್ಕಿಂತ ಎತ್ತರವಾಗಿದ್ದು, ಮುಚ್ಚಿದಾಗ ತನ್ನ ಎತ್ತರದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಕುಗ್ಗಬೇಕು. ಅಂತರ ೧೦ ಮಿಲಿಮೀಟರ್ ಇದ್ದರೆ ೧೪ ಮಿಲಿಮೀಟರಿನ ಟೊಳ್ಳು ಪಟ್ಟಿ ಸರಿಹೋಗುತ್ತದೆ. ಒಂದು ಕಡೆ ೮, ಇನ್ನೊಂದು ಕಡೆ ೧೧ ಬಂದರೂ ಟೊಳ್ಳು ಪಟ್ಟಿಯು ಸಂಭಾಳಿಸಿಕೊಂಡೀತು. ಆದರೆ ಒಂದು ಕಡೆ ೫, ಇನ್ನೊಂದು ಕಡೆ ೧೩ ಬಂದರೆ ಲೋಕದ ಯಾವ ರಬ್ಬರೂ ಅದನ್ನು ಸರಿಮಾಡದು. ಮೊದಲು ಬಿಜಾಗರಿಯ ಬೋಲ್ಟು ಸಡಿಲಿಸಿ ಮುಚ್ಚಳವನ್ನು ಕೂರಿಸಿ, ಲಾಕಿನ ಕೊಂಡಿಯನ್ನು ಏರಿಳಿಸಿ, ಅಗತ್ಯವಿದ್ದರೆ ಟಿಂಕರಿಂಗಿನವರಿಂದ ಅಂಚನ್ನು ನೇರ ಮಾಡಿಸಿ, ಮತ್ತೆ ಉಂಡೆಯಿಟ್ಟು ಅಳೆಯಬೇಕು.

ದಪ್ಪವಾದಷ್ಟೂ ಭದ್ರವೆಂಬ ಎಣಿಕೆಯೂ ಸರಿಯಲ್ಲ. ಅತಿ ದಪ್ಪದ ಅಥವಾ ಗಟ್ಟಿ ರಬ್ಬರು ಹಾಕಿದರೆ ಮುಚ್ಚಳವನ್ನು ಜಪ್ಪಿ ಜಪ್ಪಿ ಹಾಕಬೇಕಾಗುತ್ತದೆ. ಬಿಜಾಗರಿ ಬಾಗುತ್ತದೆ, ಲಾಕು ಸವೆಯುತ್ತದೆ, ಮುಚ್ಚಳದ ಮೂಲೆ ಎದ್ದು ಅಲ್ಲಿಯೇ ಹೊಸ ಸಂದು ಹುಟ್ಟುತ್ತದೆ.

ಪೇಟೆಯಲ್ಲಿ ಸಿಗುವ ಜಾತಿಗಳು

ಕಚ್ಚು ಬೀಡಿಂಗು: ಬುಡದಲ್ಲಿ ಉಕ್ಕಿನ ಹಲ್ಲುಗಳುಳ್ಳ ಬಾಯಿ, ಅದರ ತಲೆಯ ಮೇಲೆ ಅಥವಾ ಪಕ್ಕದಲ್ಲಿ ಮೆತ್ತನೆಯ ಟೊಳ್ಳು ಕೊಳವೆ. ತಗಡಿನ ಅಂಚು ಎದ್ದು ನಿಂತಿರುವ ಗಾಡಿಗೆ ಇದು ಉತ್ತಮ, ಗಮ್ಮಿನ ಹಂಗಿಲ್ಲ. ಆದರೆ ಅಂಚಿನ ದಪ್ಪವನ್ನು ಅಳೆದೇ ತರಬೇಕು. ಬಾಯಿ ಅಗಲವಾದರೆ ಕಳಚಿ ಬೀಳುತ್ತದೆ; ಕಿರಿದಾದರೆ ಬಣ್ಣವನ್ನು ಕೆರೆದು ತುಕ್ಕಿಗೆ ದಾರಿ ಮಾಡುತ್ತದೆ. ಕೊಳವೆಯು ತಲೆಯ ಮೇಲಿರುವುದೋ ಪಕ್ಕದಲ್ಲಿರುವುದೋ ಎಂಬುದನ್ನು ಮುಚ್ಚಳವು ಎಲ್ಲಿ ಬಂದು ಒತ್ತುತ್ತದೆಂಬುದರಿಂದ ನಿರ್ಧರಿಸಬೇಕು. ತಲೆಯ ಮೇಲಿನದಾದರೆ, ಬಾಯಿಯ ಮೇಲಂಚಿನ ದಪ್ಪವೂ ಅಂತರದಲ್ಲಿ ಕಳೆದುಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿರಿ.

ಅಂಟು ಬೀಡಿಂಗು: ಚಪ್ಪಟೆ ಬುಡದ ಅರ್ಧಚಂದ್ರಾಕಾರದ ಪಟ್ಟಿ. ತಗಡಿನಲ್ಲಿ ಚಪ್ಪಟೆ ಜಾಗ ಅಥವಾ ಕಾಲುವೆಯಂಥ ತಗ್ಗು ಇರುವ ಗಾಡಿಗೆ ಇದು ಬೇಕು. ಬುಡದ ಅಗಲವು ಆ ತಗ್ಗಿಗೆ ಸರಿಯಾಗಿ ಹೊಂದಬೇಕು.

ಸ್ಪಂಜು ಟೇಪು: ಇದು ಮನೆಯ ಕಿಟಿಕಿಗೆ ಅಂಟಿಸುವ ಅಗ್ಗದ ವಸ್ತು. ನೀರು ಹೀರಿ ತಗಡಿನ ಮೇಲೆ ಒದ್ದೆ ಬಟ್ಟೆಯಂತೆ ಕೂರುತ್ತದೆ, ಬೇಗ ಪುಡಿಪುಡಿಯಾಗುತ್ತದೆ. ಕಾರಿಗೆ ಬೇಡವೇ ಬೇಡ.

ಪಿ.ವಿ.ಸಿ. ಪಟ್ಟಿ: ನೋಡಲು ರಬ್ಬರಿನಂತೆಯೇ ಹೊಳೆಯುತ್ತದೆ. ಬಿಸಿಲಿಗೆ ಮೆತ್ತಗಾಗಿ ಒತ್ತಿದ ಆಕಾರದಲ್ಲಿಯೇ ಉಳಿಯುತ್ತದೆ, ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಕಚ್ಚು ಬೀಡಿಂಗಿನ ಬುಡ ಪಿ.ವಿ.ಸಿ.ಯದಾದರೆ ದೋಷವಿಲ್ಲ, ಒತ್ತಿಸಿಕೊಳ್ಳುವ ಕೊಳವೆ ಮಾತ್ರ ರಬ್ಬರಿನದೇ ಆಗಿರಬೇಕು.

ಬಣ್ಣದ ಪಟ್ಟಿಗಳಿಗಿಂತ ಕರಿಯದೇ ಲೇಸು. ರಬ್ಬರಿಗೆ ಬೆರೆಸುವ ಇಂಗಾಲದ ಮಸಿಯು ಬಿಸಿಲಿನ ಕಣ್ಣಿಗೆ ಕೊಡೆ ಹಿಡಿದಂತೆ ಕೆಲಸ ಮಾಡುತ್ತದೆ.

ಇನ್ನೊಂದು ಎಚ್ಚರಿಕೆ. “ಕಂಪೆನಿಯ ಅಸಲು ಮಾಲು, ಡಬ್ಬಿ ಒಡೆಯದ್ದು” ಎಂದು ಹಳೆಯ ದಾಸ್ತಾನಿಗೆ ದುಪ್ಪಟ್ಟು ಹಣ ಕೇಳುವವರಿದ್ದಾರೆ. ಕಬ್ಬಿಣದ ಬಿಡಿಭಾಗವಾದರೆ ಆ ಮಾತಿಗೆ ಬೆಲೆಯುಂಟು. ರಬ್ಬರು ಮಾತ್ರ ಡಬ್ಬಿಯೊಳಗಿದ್ದರೂ ಮುದಿಯಾಗುತ್ತದೆ. ಅಂಬಾಸಿಡರಿನ ಕಾರ್ಖಾನೆ ನಿಂತೇ ಹತ್ತು ವರ್ಷ ಮೀರಿತು. ಆ ಕಾಲದ ರಬ್ಬರು ಎಷ್ಟು ಹೊಸದೆಂದು ನೀವೇ ಎಣಿಸಿರಿ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಮೊದಲು ಅರ್ಧ ಅಡಿಯ ತುಂಡನ್ನು ಮಾತ್ರ ಕೊಂಡು ತನ್ನಿರಿ.

೧. ತುಂಡನ್ನು ಪೂರ್ತಿ ಮಡಚಿ ಹೊರಮೈಯನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಹಿಂದಕ್ಕೆ ಕೊಡಿರಿ. ಮಡಚಿದ ಗೆರೆ ಬೆಳ್ಳಗಾಗಿ ಅಲ್ಲಿಯೇ ಉಳಿದರೆ ಅದು ಪಿ.ವಿ.ಸಿ. ಎಂದು ಶಂಕಿಸಬಹುದು.

೨. ಬಟ್ಟೆ ಒಣಗಿಸುವ ಎರಡು ಕ್ಲಿಪ್ಪುಗಳಿಂದ ಒತ್ತಿ ಹಿಡಿಸಿ, ಹಗಲು ಬಿಸಿಲಿನಲ್ಲಿಯೂ ರಾತ್ರಿ ಮನೆಯಲ್ಲಿಯೂ ಇಡಿರಿ. ಮರುದಿನ ಕ್ಲಿಪ್ಪು ತೆಗೆದು ಒಂದು ಗಂಟೆ ಬಿಡಿರಿ. ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ಮರಳಿದರೆ ಒಳ್ಳೆಯ ಜಾತಿ. ಚಪ್ಪಟೆಯಾಗಿಯೇ ಉಳಿದರೆ ನಿಮ್ಮ ಡಿಕ್ಕಿಯಲ್ಲಿಯೂ ಅದೇ ಗತಿ. ಎಲ್ಲ ಪರೀಕ್ಷೆಗಳಲ್ಲಿ ಇದೇ ಮುಖ್ಯ, ಏಕೆಂದರೆ ಒತ್ತಿದ್ದು ಮರಳಿ ಏಳುವ ಗುಣವೇ ಈ ಪಟ್ಟಿಯ ಜೀವ.

೩. ಸ್ಪಂಜು ರಬ್ಬರಾದರೆ ಎರಡು ಇಂಚಿನ ಚೂರನ್ನು ನೀರಿನಲ್ಲಿ ಮುಳುಗಿಸಿ ಹಲವು ಸಲ ಹಿಂಡಿರಿ. ಹೊರಗೆ ತೆಗೆದು ಒರೆಸಿ ಮತ್ತೆ ಹಿಂಡುವಾಗ ನೀರು ಸುರಿದರೆ ಅದರ ತೂತುಗಳು ಒಂದಕ್ಕೊಂದು ತೆರೆದುಕೊಂಡಿವೆ, ಬೇಡ. ನೀರು ಬಾರದಿದ್ದರೆ ಪ್ರತಿ ತೂತೂ ಮುಚ್ಚಿದ ಪುಟ್ಟ ಗುಳ್ಳೆ, ಅದೇ ಬೇಕಾದದ್ದು.

ಪರೀಕ್ಷೆಯಲ್ಲಿ ಗೆದ್ದ ಮೇಲೆ ಪೂರ್ತಿ ಉದ್ದವನ್ನು ತನ್ನಿರಿ. ಸೆಣಬಿನ ಹುರಿಯನ್ನು ಅಂಚಿನ ಸುತ್ತ ತಿರುವುಗಳಿಗೆ ಒತ್ತಿ ಸುತ್ತಿ ಅಳೆದು, ಅದಕ್ಕೆ ಅರ್ಧ ಅಡಿ ಸೇರಿಸಿದರೆ ಸಾಕು.

ಅಂಟಿಸುವ ಕ್ರಮ

ರಬ್ಬರು ಮರಕ್ಕೆ ಮಳೆಯಂಗಿ ತೊಡಿಸಿದವರಿಗೆ ಈ ಕೆಲಸದ ಗುಟ್ಟು ಹೊಸದಲ್ಲ. ಮರದ ಮೈಯನ್ನು ಕೆರೆದು ನಯ ಮಾಡದೆ ಅಂಟು ಬಳಿದರೆ, ಅಂಗಿ ಎಷ್ಟು ಒಳ್ಳೆಯದಿದ್ದರೂ ಹಿಂದಿನಿಂದ ನೀರು ಇಳಿದು ಟ್ಯಾಪಿಂಗ್ ನಿಲ್ಲುತ್ತದೆ. ಇಲ್ಲಿಯೂ ಹಳೆಯ ಗಮ್ಮು ಮತ್ತು ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು, ರೆಡ್ ಆಕ್ಸೈಡ್ ಕೊಟ್ಟು, ಬಣ್ಣ ಬಳಿದು, ಬಣ್ಣವು ಪೂರ್ತಿ ಗಟ್ಟಿಯಾದ ಮೇಲೆಯೇ ರಬ್ಬರಿಗೆ ಕೈಹಾಕಬೇಕು.

ಹೊಸ ರಬ್ಬರಿನ ಮೈಮೇಲೆ ಅಚ್ಚಿನ ಪುಡಿ ಹತ್ತಿರುತ್ತದೆ. ಬುಡವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಸ್ಪಿರಿಟಿನಿಂದ ಒರೆಸಿರಿ. ಎರಡೂ ಕಡೆ ತೆಳ್ಳಗೆ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಕೂಡಿಸುವ ಜಾತಿಯ ರಬ್ಬರು ಗಮ್ಮನ್ನೇ ಬಳಸಿರಿ. ಅದರ ಹೊಗೆ ತಲೆಗೇರುವುದರಿಂದಲೂ ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದಲೂ ಕೆಲಸವು ಬಯಲಿನಲ್ಲಿ ನಡೆಯಲಿ. ಬೀಡಿಯ ಬೆಂಕಿ ದೂರವಿರಲಿ.

ಕೆಳಗಿನ ನಡುವಿನಿಂದ, ಅಂದರೆ ಲಾಕಿನ ಹತ್ತಿರದಿಂದ ಆರಂಭಿಸಿ ಅಲ್ಲಿಯೇ ಮುಗಿಸಿರಿ. ಮೇಲಿನ ಅಂಚಿನಲ್ಲಿ ನೀರು ಒಟ್ಟುಗೂಡುವುದರಿಂದ ಅಲ್ಲಿ ಜೋಡಣೆ ಬರಕೂಡದು. ಪಟ್ಟಿಯನ್ನು ಎಳೆದು ಅಂಟಿಸಬಾರದು. ಎಳೆದ ರಬ್ಬರು ತನ್ನ ಉದ್ದಕ್ಕೆ ಮರಳಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ತಿರುವುಗಳಲ್ಲಿ ಸಡಿಲವಾಗಿ ತಿರುಗಿಸಿ, ಟೊಳ್ಳು ಮಡಚಿಕೊಳ್ಳದಂತೆ ನೋಡಿಕೊಳ್ಳಿರಿ. ಕೊನೆಯಲ್ಲಿ ಅರ್ಧ ಸೆಂಟಿಮೀಟರ್ ಉದ್ದ ಹೆಚ್ಚಿಟ್ಟು ಕೊಯ್ದು, ಎರಡು ತುದಿಗಳನ್ನೂ ಒತ್ತಿ ಕೂಡಿಸಿರಿ. ಒಂದು ಹಗಲು ರಾತ್ರಿ ಗಾಡಿಯನ್ನು ಹೊರತೆಗೆಯಬೇಡಿರಿ.

ಕೂತಿದೆಯೋ ಇಲ್ಲವೋ ತಿಳಿಯಲು ಮುಚ್ಚಳದ ಒಳಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆರೆಯಿರಿ. ರಬ್ಬರಿನ ಮೇಲೆ ಬಿಳಿಗೆರೆಯು ಸುತ್ತಲೂ ತುಂಡಾಗದೆ ಮೂಡಬೇಕು. ಕಾಗದದ ಚೂರೊಂದನ್ನು ಸಿಕ್ಕಿಸಿ ಮುಚ್ಚಿ ಎಳೆದರೆ ಎಲ್ಲ ಕಡೆಯೂ ಬಿಗಿಯಾಗಿ ಬರಬೇಕು.

ಮುಂದಿನ ಪಾಲನೆ ಸುಲಭ. ತಿಂಗಳಿಗೊಮ್ಮೆ ಸಾಬೂನು ನೀರಿನಿಂದ ಒರೆಸಿರಿ. ವರ್ಷಕ್ಕೆರಡು ಸಲ ತುಸು ಸಿಲಿಕೋನ್ ಹಚ್ಚಬಹುದು. ಹೊಳೆಯಲೆಂದು ತೆಂಗಿನೆಣ್ಣೆ ಸವರುವ ಅಭ್ಯಾಸವನ್ನು ಬಿಟ್ಟುಬಿಡಿರಿ. ಮೈಲುತುತ್ತನ್ನೂ ಗೊಬ್ಬರವನ್ನೂ ಬರಿಯ ಗೋಣಿಯಲ್ಲಿ ತಾರದೆ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ತನ್ನಿರಿ.

ಅಸಲು ರೂಪದ ಪ್ರಶ್ನೆ

ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ ವಿಂಟೇಜ್ ಎಂದು ಬೇರೆ ನೋಂದಣಿ ಮಾಡಿಸುವ ನಿಯಮವನ್ನು ಕೇಂದ್ರ ಸರಕಾರವು ೨೦೨೧ರಲ್ಲಿ ತಂದಿತು. ಆ ನಿಯಮವು ತಡೆಯುವುದು ಚಾಸಿಸು, ಮೈಕಟ್ಟು, ಎಂಜಿನ್ನುಗಳ ಮಾರ್ಪಾಟನ್ನು. ಸವೆದ ರಬ್ಬರನ್ನು ಬದಲಿಸಿದರೆ ಗಾಡಿಯ ಅಸಲುತನ ಕೆಡದು. ಆದರೆ ಕಚ್ಚು ಬೀಡಿಂಗು ಕೂರಿಸುವುದಕ್ಕಾಗಿ ತಗಡಿನ ಅಂಚನ್ನೇ ಕೊಯ್ಯುವುದು ಬೇಡ. ಅಂಚು ಹೇಗಿದೆಯೋ ಅದಕ್ಕೆ ಹೊಂದುವ ಪಟ್ಟಿಯನ್ನು ಹುಡುಕಿರಿ. ವಿಂಟೇಜ್ ನೋಂದಣಿಯಾದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲವೆಂಬುದೂ ನೆನಪಿರಲಿ. ಅಡಿಕೆ ಸಾಗಿಸುವ ಗಾಡಿಗೆ ಸಾಮಾನ್ಯ ನೋಂದಣಿಯೇ ಸರಿ.

ಒಟ್ಟಿನಲ್ಲಿ ಹೇಳುವುದಾದರೆ, ಬೇರೆ ತೂತುಗಳನ್ನು ಮೊದಲು ಮುಚ್ಚಿರಿ, ಅಂತರವನ್ನು ಉಂಡೆಯಿಂದ ಅಳೆಯಿರಿ, ಕರಿಯ ಇ.ಪಿ.ಡಿ.ಎಂ. ಟೊಳ್ಳು ಪಟ್ಟಿಯನ್ನು ಪರೀಕ್ಷಿಸಿ ತನ್ನಿರಿ, ಎಳೆಯದೆ ಅಂಟಿಸಿರಿ. ಇದು ಒಂದ��ರಡು ದಿನದ ಕೆಲಸ. ಮುಂಗಾರಿನ ಮೊದಲ ಜಡಿ ಹೊಡೆಯುವ ಮುಂಚೆ ಒಂದು ಬಿಸಿಲ ದಿನವನ್ನು ಇದಕ್ಕೆಂದು ತೆಗೆದಿಟ್ಟರೆ ಗಾಡಿಯ ತಗಡೂ, ಗೋಣಿಯ ಅಡಿಕೆಯೂ, ಹಿಂದಿನ ಸೀಟಿನಲ್ಲಿ ಕುಳಿತ ಮನೆಮಂದಿಯೂ ಕ್ಷೇಮವಾಗಿರುವರು.